ಆಯುಧದ ಕಾರ್ಡು ಕೈಗೆ ಬಂದ ಮೇಲೆ: ಲಾರ್ಡ್ ಆಫ್ ದ ರಿಂಗ್ಸ್ ಕಾರ್ಡ್ ಗೇಮ್‌ನಲ್ಲಿ ಲೆಕ್ಕ ತಪ್ಪದಿರಲು ಏಳು ಹಂತ

ಲಾರ್ಡ್ ಆಫ್ ದ ರಿಂಗ್ಸ್: ದ ಕಾರ್ಡ್ ಗೇಮ್ ಆಡುವಾಗ ಅರ್ಧದಲ್ಲಿ ಆಟ ನಿಂತು ರೂಲ್‌ಬುಕ್ ಹೊರಗೆ ಬಂತೆಂದರೆ, ಹೆಚ್ಚಿನ ಸಲ ಮೇಜಿನ ಮೇಲೆ ಒಂದು ಕೊಡಲಿಯೋ ಕತ್ತಿಯೋ ಇರುತ್ತದೆ. ಎಲ್ಲರೂ ಒಂದೇ ಪಕ್ಷದಲ್ಲಿದ್ದು ಆಡುವ ಆಟವಾದ್ದರಿಂದ ಎದುರಾಳಿ ಕೂತು ತಪ್ಪು ಹಿಡಿಯುವುದಿಲ್ಲ. ತಪ್ಪು ಲೆಕ್ಕವೇ ವಾರಗಟ್ಟಲೆ ನಡೆದುಹೋಗುತ್ತದೆ. ಆಮೇಲೆ ‘ಈ ಸಿನಾರಿಯೋ ತೀರಾ ಸುಲಭ’ ಎಂತಲೋ ‘ಗೆಲ್ಲುವುದಕ್ಕೇ ಆಗಲ್ಲ’ ಎಂತಲೋ ದೂರು ಬರುತ್ತದೆ.

ಹೀರೋ (ಮೊದಲಿನಿಂದಲೇ ಇರುವ ಮುಖ್ಯ ಪಾತ್ರ), ಅಲೈ (ಆಮೇಲೆ ಕೈಯಿಂದ ಆಡುವ ಸಹಾಯಕ ಪಾತ್ರ), ರಿಸೋರ್ಸ್ (ಕಾರ್ಡಿಗೆ ಕೊಡುವ ಹಣ), ಥ್ರೆಟ್ (ಡಯಲ್‌ನಲ್ಲಿ ಏರುತ್ತ ಹೋಗುವ ಅಪಾಯದ ಅಂಕ) ಎಂದರೇನು ಎಂಬುದು ಗೊತ್ತಿದ್ದವರಿಗೆ ಇದು. ಉದಾಹರಣೆಗೆ 2011ರ ಮೂಲ ಪೆಟ್ಟಿಗೆಯ ಹೀರೋಗಳು ಮತ್ತು ಶತ್ರುಗಳು, ಜೊತೆಗೆ ನಂತರದ ಪ್ಯಾಕ್‌ಗಳ ಕೆಲವು ಆಯುಧಗಳು ಇವೆ. ಹಂತಗಳನ್ನು ಇದೇ ಕ್ರಮದಲ್ಲಿ ನೋಡಿ. ಮುಕ್ಕಾಲು ಪಾಲು ಜಗಳ ಹುಟ್ಟುವುದು 5ನೇ ಹಂತದ ಪ್ರಶ್ನೆಗೆ 2ನೇ ಹಂತದಲ್ಲೇ ಉತ್ತರ ಹುಡುಕುವುದರಿಂದ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಥ್ರೆಟ್ ಡಯಲ್, ಡ್ಯಾಮೇಜ್ ಟೋಕನ್, ಪ್ರೋಗ್ರೆಸ್ ಟೋಕನ್, ಒಂದು ಚೀಟಿ, ಪೆನ್ಸಿಲ್. ತಯಾರಕರು ಹೊರಡಿಸಿದ ಇತ್ತೀಚಿನ ತಿದ್ದುಪಡಿ ಪಟ್ಟಿಯ ಪ್ರತಿ ಫೋನಿನಲ್ಲಿರಲಿ. ಹಳೆಯ ಮುದ್ರಣದ ಕೆಲವು ಕಾರ್ಡುಗಳ ಮಾತು ಈಗ ಬದಲಾಗಿದೆ. ಹಾರ್ನ್ ಆಫ್ ಗೊಂಡೋರ್ ನೋಡಿ: ಮೊದಲು ಪಾತ್ರವೊಂದು ಆಟದಿಂದ ಹೇಗೆ ಹೊರಹೋದರೂ ರಿಸೋರ್ಸ್ ಸಿಗುತ್ತಿತ್ತು, ತಿದ್ದುಪಡಿಯ ನಂತರ ಪಾತ್ರ ನಾಶವಾದರೆ ಮಾತ್ರ.

ಇನ್ನೊಂದು ಸಣ್ಣ ಅಭ್ಯಾಸ. ‘ರಿಸ್ಟ್ರಿಕ್ಟೆಡ್’ ಎಂದು ಬರೆದಿರುವ ಅಟ್ಯಾಚ್‌ಮೆಂಟ್‌ಗಳನ್ನು (ಪಾತ್ರಕ್ಕೆ ಅಂಟಿಸುವ ಕಾರ್ಡುಗಳನ್ನು) ಹೀರೋ ಕಾರ್ಡಿನ ಎಡಕ್ಕೆ, ಉಳಿದವನ್ನು ಬಲಕ್ಕೆ ಜೋಡಿಸಿ. ಎಡಗಡೆ ಎರಡಕ್ಕಿಂತ ಹೆಚ್ಚು ಕಂಡರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಹಂತ 1: ಯಾರು ಹಿಡಿಯಬಹುದು?

ಕಾರ್ಡಿನ ಮೊದಲ ಸಾಲು ಓದಿ. ‘ಹೀರೋಗೆ ಅಂಟಿಸಿ’ ಎಂದಿದ್ದರೆ ಅಲೈಗೆ ಕೊಡುವಂತಿಲ್ಲ. ಡ್ವಾರ್ವನ್ ಆಕ್ಸ್, ಬ್ಲೇಡ್ ಆಫ್ ಗೊಂಡೊಲಿನ್, ಡ್ಯಾಗರ್ ಆಫ್ ವೆಸ್ಟರ್ನೆಸ್ ಈ ಜಾತಿಯವು. ‘ಕ್ಯಾರೆಕ್ಟರ್’ ಎಂದಿದ್ದರೆ ಹೀರೋ, ಅಲೈ ಇಬ್ಬರೂ ಸೈ. ಡ್ವಾರೋಡೆಲ್ಫ್ ಆಕ್ಸ್ ಯಾವ ಡ್ವಾರ್ಫ್ ಕೈಗಾದರೂ ಹೋಗುತ್ತದೆ, ರಿವೆಂಡೆಲ್ ಬ್ಲೇಡ್ ನೋಲ್ಡೋರ್ ಅಥವಾ ಸಿಲ್ವನ್ ಪಾತ್ರಕ್ಕೆ, ಸ್ಪಿಯರ್ ಆಫ್ ದ ಸಿಟಾಡೆಲ್ ಟ್ಯಾಕ್ಟಿಕ್ಸ್ (ಕಾರ್ಡುಗಳ ಬಣ್ಣದ ಗುಂಪುಗಳಲ್ಲಿ ಒಂದು) ಪಾತ್ರಕ್ಕೆ.

ಇಲ್ಲಿ ಬಹಳ ಜನ ಎಡವುವುದು ಬಣ್ಣ ನೋಡಿ. ಕಾರ್ಡು ಕೆಂಪು, ಅಂದರೆ ಟ್ಯಾಕ್ಟಿಕ್ಸ್. ಹಾಗಾಗಿ ಟ್ಯಾಕ್ಟಿಕ್ಸ್ ಹೀರೋನೇ ಹಿಡಿಯಬೇಕು ಎಂಬ ಊಹೆ. ಹಾಗಿಲ್ಲ. ಬಣ್ಣ ಹೇಳುವುದು ಹಣ ಯಾರ ಜೇಬಿನಿಂದ ಹೋಗಬೇಕು ಎಂಬುದನ್ನಷ್ಟೇ. ಗಿಮ್ಲಿ ಎರಡು ರಿಸೋರ್ಸ್ ಕೊಟ್ಟು ಕೊಂಡ ಡ್ವಾರ್ವನ್ ಆಕ್ಸ್ ಲೀಡರ್‌ಶಿಪ್ ಹೀರೋ ಆದ ಗ್ಲೋಯಿನ್ ಕೈಗೆ ಧಾರಾಳವಾಗಿ ಹೋಗಬಹುದು. ಪಕ್ಕದ ಆಟಗಾರರ ಹೀರೋಗೂ ಕೊಡಬಹುದು. ಆಗ ಆ ಆಯುಧದ ಹಿಡಿತ ಅವರದಾಗುತ್ತದೆ.

ಹಂತ 2: ಕೈ ಎರಡೇ

ಒಂದು ಪಾತ್ರದ ಮೇಲೆ ರಿಸ್ಟ್ರಿಕ್ಟೆಡ್ ಅಟ್ಯಾಚ್‌ಮೆಂಟ್ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಮೂರನೆಯದು ಬಂದ ತಕ್ಷಣ ಮೂರರಲ್ಲಿ ಒಂದು ಡಿಸ್ಕಾರ್ಡ್ ರಾಶಿಗೆ ಹೋಗಬೇಕು. ಇದನ್ನು ‘ಎರಡು ಆಯುಧ’ ಎಂದು ನೆನಪಿಟ್ಟುಕೊಂಡವರೇ ಹೆಚ್ಚು, ತೊಂದರೆ ಆಗುವುದು ಅಲ್ಲೇ. ಸಿಟಾಡೆಲ್ ಪ್ಲೇಟ್ ಕವಚ, ಹಾರ್ನ್ ಆಫ್ ಗೊಂಡೋರ್ ಕೊಂಬು, ರೋಹನ್ ವಾರ್‌ಹಾರ್ಸ್ ಕುದುರೆ. ಒಂದೂ ಆಯುಧವಲ್ಲ, ಆದರೆ ಮೂರೂ ರಿಸ್ಟ್ರಿಕ್ಟೆಡ್. ಅತ್ತ ಡ್ಯೂನೆಡೈನ್ ಮಾರ್ಕ್ ಅಟ್ಯಾಕ್‌ಗೆ 1 ಸೇರಿಸುತ್ತದೆ, ಆದರೆ ಅದರಲ್ಲಿ ರಿಸ್ಟ್ರಿಕ್ಟೆಡ್ ಎಂಬ ಪದವೇ ಇಲ್ಲ, ಎಷ್ಟಾದರೂ ಹಾಕಿ.

ಒಂದೇ ಹೆಸರಿನ ಎರಡು ಕೊಡಲಿ ಒಬ್ಬನ ಕೈಯಲ್ಲಿ ಇರಬಹುದೇ? ಹೆಸರಿನ ಪಕ್ಕದಲ್ಲಿ ಯುನಿಕ್ ಗುರುತಿಲ್ಲದಿದ್ದರೆ, ಕಾರ್ಡು ಬೇರೆ ಮಿತಿ ಹಾಕದಿದ್ದರೆ, ಇರಬಹುದು. ಡ್ವಾರ್ಫ್ ಕೈಯಲ್ಲಿ ಎರಡು ಡ್ವಾರ್ವನ್ ಆಕ್ಸ್ ಎಂದರೆ +4. ಯುನಿಕ್ ಕಾರ್ಡಾದರೆ ಇಡೀ ಮೇಜಿಗೆ ಒಂದೇ ಪ್ರತಿ.

ಗಿಮ್ಲಿಯ ವಿಷಯದಲ್ಲಿ ಈ ಹಂತ ಪ್ರಾಣಕ್ಕೇ ಬರುತ್ತದೆ. ಅವನ ಮೈಮೇಲಿನ ಒಂದೊಂದು ಡ್ಯಾಮೇಜ್ ಟೋಕನ್‌ಗೂ ಅಟ್ಯಾಕ್ 1 ಏರುತ್ತದೆ, ಆದ್ದರಿಂದ ಸಿಟಾಡೆಲ್ ಪ್ಲೇಟ್ ತೊಡಿಸಿ ಹಿಟ್ ಪಾಯಿಂಟ್ 5ರಿಂದ 9ಕ್ಕೆ ಏರಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಪ್ಲೇಟ್, ಡ್ವಾರ್ವನ್ ಆಕ್ಸ್ ಎರಡೂ ಇದ್ದು 6 ಪೆಟ್ಟು ತಿಂದಿದ್ದಾನೆ ಎನ್ನಿ. ಅಟ್ಯಾಕ್ 2 + 2 + 6, ಅಂದರೆ 10. ಈಗ ಉತ್ಸಾಹದಲ್ಲಿ ಮೂರನೆಯದಾಗಿ ಡ್ವಾರೋಡೆಲ್ಫ್ ಆಕ್ಸ್ ಹಾಕಿ, ‘ಪ್ಲೇಟ್ ಹೋದರೆ ಹೋಗಲಿ’ ಎಂದಿರೋ, ಹಿಟ್ ಪಾಯಿಂಟ್ ಮತ್ತೆ 5, ಪೆಟ್ಟು 6. ಗಿಮ್ಲಿ ಅಲ್ಲೇ ಸತ್ತ, ಎರಡು ಕೊಡಲಿಯೂ ಅವನ ಜೊತೆಗೇ ಡಿಸ್ಕಾರ್ಡ್‌ಗೆ.

ಹಂತ 3: ಯಾವಾಗ, ಎಷ್ಟು ಕೊಟ್ಟು

ಕೈಯಲ್ಲಿರುವ ಅಟ್ಯಾಚ್‌ಮೆಂಟ್ ಆಡುವುದು ಪ್ಲಾನಿಂಗ್ ಹಂತದಲ್ಲಿ, ನಿಮ್ಮ ಸರದಿಯಲ್ಲಿ. ಶತ್ರು ಮೈಮೇಲೆ ಬಿದ್ದ ಮೇಲೆ ಕೈಯಿಂದ ಕತ್ತಿ ತೆಗೆದು ಕೊಡುವಂತಿಲ್ಲ. ಒಮ್ಮೆ ಅಂಟಿಸಿದ್ದನ್ನು ಬೇರೊಬ್ಬರಿಗೆ ದಾಟಿಸಲೂ ಕಾರ್ಡೊಂದು ಬಾಯಿಬಿಟ್ಟು ಹೇಳಬೇಕು.

ಪ್ರತಿ ಸುತ್ತಿನಲ್ಲಿ ಹೀರೋ ಒಬ್ಬರಿಗೆ ಒಂದು ರಿಸೋರ್ಸ್. ಡ್ವಾರ್ವನ್ ಆಕ್ಸ್‌ಗೆ 2, ಡ್ವಾರೋಡೆಲ್ಫ್ ಆಕ್ಸ್‌ಗೆ 1, ರಿವೆಂಡೆಲ್ ಬ್ಲೇಡ್‌ಗೆ 1: ಒಟ್ಟು 4 ಟ್ಯಾಕ್ಟಿಕ್ಸ್ ರಿಸೋರ್ಸ್. ಗಿಮ್ಲಿ, ಲೆಗೊಲಸ್, ಥಾಲಿನ್ ಮೂವರೂ ಟ್ಯಾಕ್ಟಿಕ್ಸ್ ಆದ್ದರಿಂದ ಎರಡನೇ ಸುತ್ತಿಗೆ ಮೂರು ಆಯುಧವೂ ಮೇಜಿನ ಮೇಲಿರುತ್ತವೆ. ಟ್ಯಾಕ್ಟಿಕ್ಸ್ ಹೀರೋ ಒಬ್ಬನೇ ಇದ್ದರೆ ನಾಲ್ಕು ಸುತ್ತು ಬೇಕು. ಅಷ್ಟು ಹೊತ್ತಿಗೆ ಥ್ರೆಟ್ ಎಲ್ಲಿಗೆ ಮುಟ್ಟಿರುತ್ತದೆ ಎಂದು ಡೆಕ್ ಕಟ್ಟುವಾಗಲೇ ಯೋಚಿಸಿ.

ಹಂತ 4: ಹಿಡಿದವನು ಹೊಡೆಯುವ ಸ್ಥಿತಿಯಲ್ಲಿದ್ದಾನೆಯೇ?

ಕ್ವೆಸ್ಟ್‌ಗೆ (ಸಿನಾರಿಯೋದ ಗುರಿಯತ್ತ ಸಾಗುವ ಕೆಲಸಕ್ಕೆ) ಕಳಿಸಿದರೆ ಕಾರ್ಡು ಅಡ್ಡ ತಿರುಗುತ್ತದೆ. ರಕ್ಷಣೆಗೆ ನಿಂತರೂ ಅಡ್ಡ ತಿರುಗುತ್ತದೆ. ಹೊಡೆಯಲು ನೆಟ್ಟಗಿರುವ ಕಾರ್ಡು ಬೇಕು. ಎಂಥ ಆಯುಧವಿದ್ದರೂ ಅಡ್ಡ ಮಲಗಿದ ಹೀರೋನನ್ನು ಅದು ತಾನಾಗಿ ಎಬ್ಬಿಸುವುದಿಲ್ಲ. ಅದಕ್ಕೆ ಹಾಗೆಂದು ಬರೆದಿರುವ ಕಾರ್ಡೇ ಬೇಕು. ರೋಹನ್ ವಾರ್‌ಹಾರ್ಸ್ ಅಂಥದ್ದು: ಹೀರೋ ಭಾಗವಹಿಸಿದ ದಾಳಿಯಲ್ಲಿ ಶತ್ರು ಸತ್ತ ನಂತರ ಕುದುರೆಯನ್ನು ಅಡ್ಡ ತಿರುಗಿಸಿ ಹೀರೋನನ್ನು ಎಬ್ಬಿಸಬಹುದು.

ಇದರ ಇನ್ನೊಂದು ಮಗ್ಗುಲು: ಆಯುಧದ ಕಾರ್ಡೇ ಅಡ್ಡ ತಿರುಗಿದ್ದರೆ ಅದರ +1, +2 ನಿಂತುಹೋಗುತ್ತದೆಯೇ? ಇಲ್ಲ. ‘ಅಡ್ಡ ತಿರುಗಿಸಿ’ ಎಂದು ಕೇಳುವ ಸಾಮರ್ಥ್ಯವನ್ನು ಮಾತ್ರ ಮತ್ತೆ ಬಳಸಲಾಗದು, ಸದಾ ನಡೆಯುವ ಬೋನಸ್ ಹಾಗೇ ಇರುತ್ತದೆ. ಫೋ-ಹ್ಯಾಮರ್ ಎಂಬ ಇವೆಂಟ್ ಇದನ್ನೇ ನೆಚ್ಚಿಕೊಂಡಿದೆ. ನಿಮ್ಮ ಹೀರೋ ಶತ್ರುವನ್ನು ಹೊಡೆದು ಕೊಂದ ಮೇಲೆ, ಅವನ ಕೈಯ ಆಯುಧವೊಂದನ್ನು ಅಡ್ಡ ತಿರುಗಿಸಿದರೆ 3 ಕಾರ್ಡು ಎಳೆಯಬಹುದು, ಬೆಲೆ ಸೊನ್ನೆ. ಕೊಡಲಿ ಮಲಗಿದರೂ ಮುಂದಿನ ಹೊಡೆತಕ್ಕೆ ಅದರ ಬೋನಸ್ ಸಿಕ್ಕೇ ಸಿಗುತ್ತದೆ. ಆದರೆ ಇದಕ್ಕೆ ‘ವೆಪನ್’ ಎಂಬ ಟ್ರೇಟ್ ಇರುವ ಕಾರ್ಡೇ ಆಗಬೇಕು. ಕುದುರೆ, ಕವಚ ನಡೆಯುವುದಿಲ್ಲ.

ಹಂತ 5: ಕಾರ್ಡಿನ ಕ್ರಿಯಾಪದ ಹಿಡಿಯಿರಿ

ಸಮಯದ ಗೊಂದಲವೆಲ್ಲ ಇಲ್ಲಿದೆ. ಆಯುಧಗಳ ಮಾತು ಮೂರು ಬಗೆ.

‘ಇಷ್ಟು ಅಟ್ಯಾಕ್ ಪಡೆಯುತ್ತಾನೆ’ ಎಂದಿದ್ದರೆ ಅದು ಸದಾ ಜಾರಿಯಲ್ಲಿರುವ ಬೋನಸ್. ಯಾರೂ ಘೋಷಿಸಬೇಕಿಲ್ಲ. ಆದರೆ ಆವರಣದೊಳಗಿನ ‘ಬದಲಿಗೆ’ ಎಂಬ ಪದ ಕಣ್ತಪ್ಪಬಾರದು. ಡ್ವಾರ್ವನ್ ಆಕ್ಸ್ ಎಲ್ಲರಿಗೂ +1, ಡ್ವಾರ್ಫ್‌ಗೆ ಅದರ ಬದಲಿಗೆ +2. ಒಂದೂ ಎರಡೂ ಕೂಡಿಸಿ ಮೂರು ಮಾಡುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ.

‘ದಾಳಿ ಮಾಡುವಾಗ’ ಎಂದಿದ್ದರೆ ದಾಳಿ ಘೋಷಿಸಿದ ಕ್ಷಣದಲ್ಲೇ, ಪೆಟ್ಟಿನ ಲೆಕ್ಕಕ್ಕೆ ಮೊದಲೇ ಅದು ಜಾರಿ. ರಿವೆಂಡೆಲ್ ಬ್ಲೇಡ್ ಹಿಡಿದವನು ಹೊಡೆಯುವಾಗ ಆ ಶತ್ರುವಿನ ಡಿಫೆನ್ಸ್ 2 ಇಳಿಯುತ್ತದೆ, ಕಾಂಬ್ಯಾಟ್ ಹಂತ ಮುಗಿಯುವವರೆಗೂ ಇಳಿದೇ ಇರುತ್ತದೆ. ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಡಿಫೆನ್ಸ್ 1 ಇರುವ ವಾರ್ಗ್‌ಗಳ ಮೇಲೆ ಇದರ ಲಾಭ ಒಂದೇ, ಡಿಫೆನ್ಸೇ ಇಲ್ಲದ ಡೋಲ್ ಗುಲ್ದುರ್ ಆರ್ಕ್‌ಗಳ ಮೇಲೆ ಏನೂ ಇಲ್ಲ.

‘ರೆಸ್ಪಾನ್ಸ್: ... ನಂತರ’ ಎಂದಿದ್ದರೆ ಆ ಘಟನೆ ಪೂರ್ತಿ ಮುಗಿಯಬೇಕು. ಬಳಸುವುದು ಬಿಡುವುದು ನಿಮ್ಮಿಷ್ಟ, ಒಂದು ಘಟನೆಗೆ ಒಂದು ಪ್ರತಿಯಿಂದ ಒಂದೇ ಸಲ. ಡ್ವಾರೋಡೆಲ್ಫ್ ಆಕ್ಸ್ +1 ಕೊಡುವುದಲ್ಲದೆ ದಾಳಿ ಮುಗಿದ ನಂತರ ಅದೇ ಶತ್ರುವಿಗೆ 1 ಡ್ಯಾಮೇಜ್ ಹಾಕುತ್ತದೆ. ಕಾರ್ಡಿನಿಂದ ಬರುವ ಡ್ಯಾಮೇಜ್‌ಗೆ ಡಿಫೆನ್ಸ್ ಅಡ್ಡ ಬರುವುದಿಲ್ಲ. ಶತ್ರು ದಾಳಿಯಲ್ಲೇ ಸತ್ತಿದ್ದರೆ ಆ 1 ವ್ಯರ್ಥ, ಪಕ್ಕದವನ ಮೇಲೆ ಹಾಕುವಂತಿಲ್ಲ.

ಸ್ಪಿಯರ್ ಆಫ್ ದ ಸಿಟಾಡೆಲ್‌ನ ‘ನಂತರ’ ಮಾತ್ರ ಬೇರೆ ಜಾಗದಲ್ಲಿದೆ: ‘ರಕ್ಷಕನೆಂದು ಘೋಷಿಸಿದ ನಂತರ’. ಶತ್ರು ದಾಳಿಯ ಕ್ರಮ ನೆನಪಿಸಿಕೊಳ್ಳಿ. ಶತ್ರುವನ್ನು ಆರಿಸುವುದು, ರಕ್ಷಕನ ಘೋಷಣೆ, ಶ್ಯಾಡೋ ಕಾರ್ಡು (ದಾಳಿ ಮಾಡುವ ಶತ್ರುವಿಗೆ ಹಂಚಿದ ಗುಟ್ಟಿನ ಕಾರ್ಡು), ಆಮೇಲೆ ಪೆಟ್ಟಿನ ಲೆಕ್ಕ. ಈಟಿ ತಿವಿಯುವುದು ಎರಡನೆಯದರ ಬೆನ್ನಿಗೇ, ಶ್ಯಾಡೋ ಕಾರ್ಡು ಮಗುಚುವ ಮೊದಲು. ಗೊಂಡೋರಿಯನ್ ಸ್ಪಿಯರ್‌ಮನ್‌ಗೆ ಸ್ವಂತದ್ದೇ ಇಂಥ ರೆಸ್ಪಾನ್ಸ್ ಇದೆ. ಅವನ ಕೈಗೆ ಈ ಈಟಿ ಕೊಟ್ಟರೆ ಒಂದು ಘೋಷಣೆಗೆ 1 + 1, ಒಟ್ಟು 2 ಡ್ಯಾಮೇಜ್, ಏಕೆಂದರೆ ಅವು ಬೇರೆ ಬೇರೆ ಕಾರ್ಡುಗಳ ರೆಸ್ಪಾನ್ಸ್. ಹಿಟ್ ಪಾಯಿಂಟ್ 2 ಇರುವ ಗಾಬ್ಲಿನ್ ಸ್ನೈಪರ್ ಎದುರಿಗೆ ಬಂದರೆ ಅಲ್ಲೇ ಸತ್ತ. ದಾಳಿ ಮುರಿಯಿತು, ಅವನ ಶ್ಯಾಡೋ ಕಾರ್ಡಿನ ಪರಿಣಾಮವೂ ಇಲ್ಲ. ಆದರೆ ನಿಮ್ಮ ಕಡೆಯಿಂದ ಯಾರೂ ದಾಳಿ ಮಾಡಿಲ್ಲವಾದ್ದರಿಂದ ಫೋ-ಹ್ಯಾಮರ್, ಬ್ಲೇಡ್ ಆಫ್ ಗೊಂಡೊಲಿನ್‌ನಂಥ ‘ಹೊಡೆದು ಕೊಂದ ನಂತರ’ದ ಲಾಭ ಕೇಳಬೇಡಿ.

ಹಂತ 6: ಒಂದೇ ದಾಳಿ, ಒಂದೇ ಕಳೆಯುವಿಕೆ

ನಿಮ್ಮ ಸರದಿಯಲ್ಲಿ ಒಬ್ಬ ಶತ್ರುವಿನ ಮೇಲೆ ನೀವು ಘೋಷಿಸಬಹುದಾದದ್ದು ಒಂದೇ ದಾಳಿ. ಆ ದಾಳಿಗೆ ಎಷ್ಟು ಜನರನ್ನಾದರೂ ಸೇರಿಸಿ. ಎಲ್ಲರ ಅಟ್ಯಾಕ್ ಕೂಡಿಸಿ, ಡಿಫೆನ್ಸನ್ನು ಒಂದು ಸಲ ಕಳೆಯಿರಿ.

ಜರ್ನಿ ಅಲಾಂಗ್ ದ ಆಂಡುಯಿನ್ ಸಿನಾರಿಯೋದ ಹಿಲ್ ಟ್ರೋಲ್ ತೆಗೆದುಕೊಳ್ಳಿ: ಎಂಗೇಜ್‌ಮೆಂಟ್ ಕಾಸ್ಟ್ (ಥ್ರೆಟ್ ಎಷ್ಟು ಮುಟ್ಟಿದರೆ ಶತ್ರು ತಾನಾಗಿ ಮೈಮೇಲೆ ಬರುತ್ತಾನೆ ಎಂಬ ಅಂಕ) 30, ಅಟ್ಯಾಕ್ 6, ಡಿಫೆನ್ಸ್ 3, ಹಿಟ್ ಪಾಯಿಂಟ್ 9. ಎದುರಿಗೆ 2 ಪೆಟ್ಟು ತಿಂದ ಗಿಮ್ಲಿ, ಕೈಯಲ್ಲಿ ಡ್ವಾರ್ವನ್ ಆಕ್ಸ್ ಮತ್ತು ಡ್ವಾರೋಡೆಲ್ಫ್ ಆಕ್ಸ್. ಪಕ್ಕದಲ್ಲಿ ರಿವೆಂಡೆಲ್ ಬ್ಲೇಡ್ ಹಿಡಿದ ಲೆಗೊಲಸ್. ಚೀಟಿಯ ಮೇಲೆ ಬರೆಯಿರಿ:

ಗಿಮ್ಲಿ: 2 + 2 + 1 + 2 = 7
ಲೆಗೊಲಸ್: 3
ಒಟ್ಟು ಅಟ್ಯಾಕ್: 10
ಟ್ರೋಲ್ ಡಿಫೆನ್ಸ್: 3 – 2 = 1
ಪೆಟ್ಟು: 9

ಕರಾರುವಾಕ್ಕಾಗಿ ಟ್ರೋಲ್ ಸತ್ತ. ಬ್ಲೇಡ್ ಇರದಿದ್ದರೆ 10 – 3 = 7, ಡ್ವಾರೋಡೆಲ್ಫ್ ಆಕ್ಸ್‌ನ ರೆಸ್ಪಾನ್ಸ್ ಸೇರಿ 8. ಟ್ರೋಲ್ ಒಂದು ಹಿಟ್ ಪಾಯಿಂಟ್ ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಮತ್ತೆ 6ರ ಹೊಡೆತ ಕೊಡುತ್ತಾನೆ.

ಈಗ ತಪ್ಪು ಲೆಕ್ಕ ನೋಡಿ. ಡಿಫೆನ್ಸನ್ನು ಒಬ್ಬೊಬ್ಬರಿಂದಲೂ ಕಳೆದರೆ 6 + 2 = 8, ಆಮೇಲೆ ಕೊಡಲಿಯ 1 ಸೇರಿ 9. ಟ್ರೋಲ್ ಸತ್ತೇ ಸತ್ತ, ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಲೆಗೊಲಸ್‌ನ ಸಾಮರ್ಥ್ಯ ಇರುವುದು ‘ಅವನು ಭಾಗವಹಿಸಿದ ದಾಳಿ ಶತ್ರುವನ್ನು ಕೊಂದ ನಂತರ 2 ಪ್ರೋಗ್ರೆಸ್’ ಎಂದು. ಸರಿಯಾದ ಲೆಕ್ಕದಲ್ಲಿ ಕೊಂದದ್ದು ದಾಳಿ, 2 ಪ್ರೋಗ್ರೆಸ್ ನಿಮ್ಮದು. ತಪ್ಪು ಲೆಕ್ಕದಲ್ಲಿ ಕೊಂದದ್ದು ದಾಳಿಯ ನಂತರ ಬಂದ ಕೊಡಲಿಯ ಡ್ಯಾಮೇಜ್. ಅಕ್ಷರಶಃ ಓದಿದರೆ ಆ ಸಾವು ದಾಳಿಯ ಲೆಕ್ಕಕ್ಕೆ ಬರುವುದಿಲ್ಲ, ಪ್ರೋಗ್ರೆಸ್ ಕೈತಪ್ಪುತ್ತದೆ. ನಮ್ಮ ಮಟ್ಟಿಗೆ ಅಕ್ಷರಶಃ ಓದುವುದೇ ಸುರಕ್ಷಿತ.

ರೇಂಜ್ಡ್ ಬಗ್ಗೆ ಎರಡು ಮಾತು. ರೇಂಜ್ಡ್ ಪಾತ್ರ ಬೇರೆ ಆಟಗಾರರ ಮುಂದಿರುವ ಶತ್ರುವನ್ನು ಹೊಡೆಯಬಹುದು. ಸ್ಟೇಜಿಂಗ್ ಜಾಗದಲ್ಲಿರುವ (ಇನ್ನೂ ಯಾರ ಮೈಮೇಲೂ ಬೀಳದ) ಶತ್ರುವನ್ನು ಅಲ್ಲ, ಅದಕ್ಕೆ ಬೇರೆ ಕಾರ್ಡು ಬೇಕು. ಒಬ್ಬರೇ ಆಡುವಾಗ ಈ ಪದದಿಂದ ಹೊಡೆತಕ್ಕೆ ಹೊಸ ಗುರಿ ಸಿಗುವುದಿಲ್ಲ. ಇಬ್ಬರು ಆಡುವಾಗ ಬ್ಲೇಡ್ ಹಿಡಿದ ಲೆಗೊಲಸ್ ತನ್ನ ಸರದಿಗೆ ಕಾದು ಬೇರೆ ದಾಳಿ ಘೋಷಿಸಬಹುದು ನಿಜ. ಆದರೆ ಆಗ ಡಿಫೆನ್ಸ್ ಎರಡು ಸಲ ಕಳೆಯಬೇಕು, ಮೊದಲ ಆಟಗಾರರ ಹೊಡೆತಕ್ಕೆ ಬ್ಲೇಡಿನ ಲಾಭವೂ ಇಲ್ಲ. ಅವರ ದಾಳಿಗೇ ಸೇರಿಕೊಳ್ಳುವುದು ಮೇಲು. ಬೋ ಆಫ್ ದ ಗಲಾಧ್ರಿಮ್ ಇದ್ದರೆ ಇನ್ನೂ ಒಳ್ಳೆಯದು. ಮಾಮೂಲಿ +1, ನಿಮ್ಮ ಜೊತೆ ಎಂಗೇಜ್ ಆಗಿರದ ಶತ್ರುವನ್ನು ಹೊಡೆದರೆ ಬದಲಿಗೆ +2.

ಹಂತ 7: ಹೊಡೆಯುವ ಮುನ್ನ ಡಯಲ್ ನೋಡಿ

ಡ್ಯಾಗರ್ ಆಫ್ ವೆಸ್ಟರ್ನೆಸ್ ಇದ್ದವರು ಈ ಹಂತ ದಾಟಲೇಬಾರದು. ಸಾಮಾನ್ಯವಾಗಿ +1, ಶತ್ರುವಿನ ಎಂಗೇಜ್‌ಮೆಂಟ್ ಕಾಸ್ಟ್ ನಿಮ್ಮ ಥ್ರೆಟ್‌ಗಿಂತ ಹೆಚ್ಚಿದ್ದರೆ ಬದಲಿಗೆ +2. ಹೆಚ್ಚು ಎಂದರೆ ಹೆಚ್ಚು, ಸಮ ಅಲ್ಲ.

ಗಿಮ್ಲಿ 11, ಲೆಗೊಲಸ್ 9, ಥಾಲಿನ್ 9, ಆರಂಭದ ಥ್ರೆಟ್ 29. ಟ್ರೋಲ್‌ನ ಕಾಸ್ಟ್ 30. ಮೊದಲ ಸುತ್ತಿನಲ್ಲಿ ಅವನು ತಾನಾಗಿ ಮೈಮೇಲೆ ಬರುವುದಿಲ್ಲ. ನೀವೇ ಕರೆದು ಎಂಗೇಜ್ ಮಾಡಿಕೊಂಡರೆ ಥಾಲಿನ್ ಕೈಯ ಡ್ಯಾಗರ್ +2, ಅವನ ಅಟ್ಯಾಕ್ 4. ರಿಫ್ರೆಶ್‌ನಲ್ಲಿ ಥ್ರೆಟ್ 30 ಆಯಿತೋ, ಮುಂದಿನ ಸುತ್ತಿನಲ್ಲಿ ಟ್ರೋಲ್ ತಾನೇ ಬರುತ್ತಾನೆ, ಡ್ಯಾಗರ್ +1ಕ್ಕೆ ಇಳಿದಿರುತ್ತದೆ.

ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದಿರುವುದು ಅದೇ ಸುತ್ತಿನೊಳಗೆ ಆಗುವ ಏರಿಕೆ. ಕ್ವೆಸ್ಟ್ ಸೋತರೆ ಕೊರತೆಯಷ್ಟು ಥ್ರೆಟ್ ಏರುತ್ತದೆ. ಈ ಮೂವರ ವಿಲ್‌ಪವರ್ (ಕ್ವೆಸ್ಟ್‌ಗೆ ಎಣಿಸುವ ಅಂಕ) ಒಟ್ಟು ಸೇರಿದರೂ 4 ಆದ್ದರಿಂದ ಸೋಲು ಅಪರೂಪವಲ್ಲ. ಸಾಲದ್ದಕ್ಕೆ ಹಿಲ್ ಟ್ರೋಲ್‌ನದೇ ಒಂದು ಚಾಳಿ ಇದೆ: ಪಾತ್ರದ ಹಿಟ್ ಪಾಯಿಂಟ್ ಮೀರಿ ಉಳಿದ ಪೆಟ್ಟು ನಿಮ್ಮ ಥ್ರೆಟ್‌ಗೆ ಸೇರುತ್ತದೆ. ಡಿಫೆನ್ಸ್ 1, ಹಿಟ್ ಪಾಯಿಂಟ್ 1 ಇರುವ ಸ್ಪಿಯರ್‌ಮನ್‌ನನ್ನು ಬಲಿಗೆ ನಿಲ್ಲಿಸಿದಿರಿ ಎನ್ನಿ. 6 – 1 = 5, ಒಂದು ಅವನಿಗೆ, ಉಳಿದ 4 ಡಯಲ್‌ಗೆ. ಶ್ಯಾಡೋ ಕಾರ್ಡಿನ ಕಾಟ ಇಲ್ಲದೆಯೇ 29 ಹೋಗಿ 33. ಶತ್ರುಗಳ ದಾಳಿ ಮುಗಿದ ಮೇಲೆಯೇ ನಿಮ್ಮ ಸರದಿಯಾದ್ದರಿಂದ, ಥಾಲಿನ್ ಕೈ ಎತ್ತುವ ಹೊತ್ತಿಗೆ ಡ್ಯಾಗರ್ +1, ಅಟ್ಯಾಕ್ 3. ಸ್ಪಿಯರ್‌ಮನ್ ಕೈಯಲ್ಲಿ ಈಟಿ ಇದ್ದಿದ್ದರೆ ಅದೂ ಹೋಯಿತು.

ಎಲ್ಲೋ ತಪ್ಪುತ್ತಿದೆ ಎಂಬುದರ ಲಕ್ಷಣಗಳು

ದಾಳಿ ಘೋಷಿಸಿದ ಮೇಲೆ ‘ಒಟ್ಟು ಎಷ್ಟು?’ ಎಂಬ ಪ್ರಶ್ನೆಗೆ ಇಬ್ಬರು ಬೇರೆ ಬೇರೆ ಸಂಖ್ಯೆ ಹೇಳಿದರೆ, ‘ಬದಲಿಗೆ’ ಎಂಬ ಪದವನ್ನು ಯಾರೋ ನುಂಗಿದ್ದಾರೆ. ಗಿಮ್ಲಿಯ ಪೆಟ್ಟು ವಾಸಿ ಮಾಡಿದ ಮೇಲೂ ಅವನ ಅಟ್ಯಾಕ್ ಮೊದಲಿನಷ್ಟೇ ಎಣಿಸುತ್ತಿದ್ದರೆ ಟೋಕನ್ ನೋಡದೆ ನೆನಪಿನಿಂದ ಲೆಕ್ಕ ಹಾಕುತ್ತಿದ್ದೀರಿ. ಕಾಂಬ್ಯಾಟ್ ಮುಗಿಯುವವರೆಗೂ ಡಯಲ್ ಮುಟ್ಟದ ಗುಂಪಿನಲ್ಲಿ ಡ್ಯಾಗರ್ ಎಂದೂ +1 ಆಗುವುದೇ ಇಲ್ಲ. ಸತ್ತ ಅಲೈಯ ಆಯುಧ ಮುಂದಿನ ಸುತ್ತಿನಲ್ಲಿ ಇನ್ನೊಬ್ಬರ ಕೈಯಲ್ಲಿ ಕಂಡರಂತೂ ಕೇಳುವುದೇ ಬೇಡ. ಹೊತ್ತವನು ಆಟ ಬಿಟ್ಟರೆ ಅಟ್ಯಾಚ್‌ಮೆಂಟ್ ಅದರ ಮಾಲೀಕರ ಡಿಸ್ಕಾರ್ಡ್ ರಾಶಿಗೇ ಹೋಗಬೇಕು.

ಆಟದ ನಡುವೆ ತಪ್ಪು ಸಿಕ್ಕಿಬಿದ್ದರೆ ಹಿಂದಿನ ಸುತ್ತುಗಳನ್ನು ಬಿಚ್ಚಿ ಕೂರಬೇಡಿ. ಎಳೆದ ಕಾರ್ಡು, ಮಗುಚಿದ ಶ್ಯಾಡೋ ಮತ್ತೆ ಮೊದಲಿನಂತಾಗುವುದಿಲ್ಲ. ಆ ದಾಳಿ ಇನ್ನೂ ಮುಗಿದಿಲ್ಲದಿದ್ದರೆ ಅದನ್ನಷ್ಟೇ ಸರಿಪಡಿಸಿ, ಮುಗಿದಿದ್ದರೆ ಸರಿಯಾದ ಸಂಖ್ಯೆಯನ್ನು ಚೀಟಿಯ ಮೇಲೆ ಬರೆದು ಆ ಹೀರೋ ಕಾರ್ಡಿನ ಪಕ್ಕದಲ್ಲಿಟ್ಟು ಮುಂದುವರಿಸಿ.